ಲೊಂಡೊ ಬದಲಾದನೇ? ಜಕಾರ್ ಬದಲಾದದ್ದು ಹೇಗೆ?

ಪ್ರಶ್ನೆ: ನಾನು ಮತ್ತು ನನ್ನ ತಮ್ಮ ‘ಬ್ಯಾಬಿಲಾನ್ 5’ ಧಾರಾವಾಹಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಮುಗಿಸಿದೆವು. ಅಂದಿನಿಂದ ಮನೆಯಲ್ಲಿ ಒಂದೇ ವಾಗ್ವಾದ. ಲೊಂಡೊ ಮೊಲಾರಿ ಐದು ಸೀಸನ್‌ಗಳಲ್ಲಿ ಎಳ್ಳಷ್ಟೂ ಬದಲಾಗಿಲ್ಲ, ಮೊದಲ ದಿನ ಏನಾಗಿದ್ದನೋ ಕೊನೆಗೂ ಅದೇ ಎನ್ನುತ್ತಾನೆ ತಮ್ಮ. ಜಕಾರ್ ಬದಲಾದದ್ದು ನಿಜ, ಆದರೆ ಅದು ಅವನ ಸ್ವಂತ ಸಾಧನೆಯಲ್ಲ, ಕೋಶ್ ಎಂಬ ನಿಗೂಢ ಅನ್ಯಲೋಕದ ರಾಯಭಾರಿ ಅವನ ತಲೆಯೊಳಗೆ ಹೊಕ್ಕು ಮಾಡಿದ ಕೆಲಸ ಎಂಬುದು ಅವನ ಇನ್ನೊಂದು ವಾದ. ನನಗೆ ಎರಡೂ ಒಪ್ಪಿಗೆಯಿಲ್ಲ, ಆದರೆ ಮಾತು ಹುಟ್ಟುತ್ತಿಲ್ಲ. ಒಂದು ಪಾತ್ರ ನಿಜಕ್ಕೂ ಬೆಳೆದಿದೆ ಎಂದು ಹೇಳಲು ಧಾರಾವಾಹಿ ಬರೆಯುವ ನೀವು ಏನನ್ನು ನೋಡುತ್ತೀರಿ?

ಉತ್ತರ: ನಿಮ್ಮ ತಮ್ಮನ ವಾದದಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಮೊದಲೇ ಒಪ್ಪಿಕೊಂಡುಬಿಡಿ, ಉಳಿದರ್ಧವನ್ನು ಗೆಲ್ಲುವುದು ಸುಲಭವಾಗುತ್ತದೆ. ಲೊಂಡೊನ ಆಸೆ ಕೊನೆಯವರೆಗೂ ಬದಲಾಗುವುದಿಲ್ಲ, ಬದಲಾಗುವುದು ಅವನ ಅರಿವು. ಜಕಾರ್‌ನದು ಇದಕ್ಕೆ ತದ್ವಿರುದ್ಧ. ಲೋಕ ಎಷ್ಟು ಕ್ರೂರ ಎಂಬುದು ಅವನಿಗೆ ಬಾಲ್ಯದಿಂದಲೇ ಗೊತ್ತು, ಅವನಲ್ಲಿ ಬದಲಾಗುವುದು ಅವನಿಗೆ ಏನು ಬೇಕು ಎಂಬುದು. ಇಬ್ಬರದೂ ಬೆಳವಣಿಗೆಯೇ. ಇಬ್ಬರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಲು ಹೊರಟಾಗ ಮಾತ್ರ ಒಬ್ಬನು ನಿಂತಲ್ಲೇ ನಿಂತಂತೆ ಕಾಣುತ್ತಾನೆ.

ಈ ಧಾರಾವಾಹಿಯನ್ನು ನೋಡದವರಿಗಾಗಿ ಎರಡು ಮಾತು. 1993ರಲ್ಲಿ ಪರಿಚಯದ ಚಿತ್ರವಾಗಿ ಬಂದು, 1994ರಿಂದ 1998ರವರೆಗೆ ಐದು ಸೀಸನ್‌ಗಳಲ್ಲಿ ಪ್ರಸಾರವಾದ ಅಮೆರಿಕದ ಧಾರಾವಾಹಿ ಇದು. ಒಟ್ಟು 110 ಸಂಚಿಕೆಗಳು, ಅವುಗಳಲ್ಲಿ 92ನ್ನು ಸೃಷ್ಟಿಕರ್ತ ಜೆ. ಮೈಕಲ್ ಸ್ಟ್ರಜಿನ್‌ಸ್ಕಿಯೇ ಬರೆದರು. ಮೂರನೆಯ ಮತ್ತು ನಾಲ್ಕನೆಯ ಸೀಸನ್‌ಗಳಂತೂ ಇಡಿಯಾಗಿ ಅವರೊಬ್ಬರದೇ ಬರವಣಿಗೆ. 23ನೇ ಶತಮಾನ, ಬಾಹ್ಯಾಕಾಶದಲ್ಲೊಂದು ನಿಲ್ದಾಣ, ಅಲ್ಲಿ ಬೇರೆ ಬೇರೆ ಲೋಕಗಳ ರಾಯಭಾರಿಗಳು. ಸೆಂಟೌರಿ ಗಣರಾಜ್ಯದ ರಾಯಭಾರಿ ಲೊಂಡೊ, ನಾರ್ನ್ ಜನರ ರಾಯಭಾರಿ ಜಕಾರ್. ಸೆಂಟೌರಿಗಳು ಒಂದು ಕಾಲಕ್ಕೆ ನಾರ್ನ್ ಜನರನ್ನು ಗುಲಾಮರನ್ನಾಗಿಸಿಕೊಂಡು ಆಳಿದವರು. ಕಥೆ ಆರಂಭವಾಗುವಾಗ ಸೆಂಟೌರಿಗಳು ಸೊರಗಿದ್ದಾರೆ, ನಾರ್ನ್‌ಗಳು ಬಲಿತು ಸೇಡಿಗಾಗಿ ಕಾದಿದ್ದಾರೆ. ಮುಂದೆ ಕಥೆಯ ಗುಟ್ಟುಗಳೆಲ್ಲ ಬರುತ್ತವೆ. ನೋಡಬೇಕೆಂದಿರುವವರು ನೋಡಿ ಬಂದೇ ಓದುವುದು ಒಳ್ಳೆಯದು.

ಆ ಕಾಲದ ದೂರದರ್ಶನದಲ್ಲಿ ಇದು ಅಪರೂಪದ ಕೆಲಸ ಏಕೆ ಎಂದರೆ, ಆಗಿನ ಬಹುಪಾಲು ವೈಜ್ಞಾನಿಕ ಧಾರಾವಾಹಿಗಳಲ್ಲಿ ವಾರದ ಕಥೆ ವಾರಕ್ಕೇ ಮುಗಿಯುತ್ತಿತ್ತು. ಒಂದು ಸಂಚಿಕೆಯಲ್ಲಿ ಮಗನನ್ನು ಕಳೆದುಕೊಂಡ ತಂದೆ ಮುಂದಿನ ವಾರ ಏನೂ ಆಗದವನಂತೆ ಕರ್ತವ್ಯಕ್ಕೆ ಹಾಜರಾಗುತ್ತಿದ್ದ. ಸಂಚಿಕೆಗಳನ್ನು ಯಾವ ಕ್ರಮದಲ್ಲಿ ಮರುಪ್ರಸಾರ ಮಾಡಿದರೂ ವಾಹಿನಿಗೆ ತೊಂದರೆಯಾಗಬಾರದು, ಅದಕ್ಕಾಗಿ ಈ ಏರ್ಪಾಡು. ಸ್ಟ್ರಜಿನ್‌ಸ್ಕಿ ಐದು ವರ್ಷಗಳ ಕಥೆಯನ್ನು ಮೊದಲೇ ಹೆಣೆದುಕೊಂಡು ಬಂದರು. ಆಡಿದ ಮಾತು, ಮಾಡಿದ ತಪ್ಪು ಯಾವುದೂ ಇಲ್ಲಿ ಅಳಿಸಿಹೋಗುವುದಿಲ್ಲ. ಬೆಳವಣಿಗೆಯ ಮೊದಲ ಷರತ್ತು ಇದೇ ಎಂದು ನನ್ನ ನಂಬಿಕೆ. ಕಥೆಗೇ ನೆನಪಿಲ್ಲದಿದ್ದರೆ ಅದರೊಳಗಿನ ಪಾತ್ರಕ್ಕೆ ನೆನಪು ಎಲ್ಲಿಂದ ಬರಬೇಕು?

ಈಗ ಲೊಂಡೊ. ಪರಿಚಯದ ಚಿತ್ರದಲ್ಲೇ ಅವನು ಭದ್ರತಾ ಮುಖ್ಯಸ್ಥ ಗ್ಯಾರಿಬಾಲ್ಡಿಯ ಮುಂದೆ ಹಲುಬುತ್ತಾನೆ: ಒಂದು ಕಾಲಕ್ಕೆ ಈ ಸುತ್ತಿನ ನಕ್ಷತ್ರಗಳೆಲ್ಲ ನಮ್ಮವಾಗಿದ್ದವು, ಈಗ ನಾವು ಹಳೆಯ ವೈಭವವನ್ನು ತೋರಿಸಿ ಹೊಟ್ಟೆ ಹೊರೆಯುವ ಪ್ರವಾಸಿ ತಾಣವಾಗಿಬಿಟ್ಟಿದ್ದೇವೆ ಎಂದು. ನೋಡುವವರಿಗೆ ಆಗ ಅದು ಕುಡುಕನ ಪ್ರಲಾಪ. ಬೀಸಣಿಗೆಯಂತೆ ನಿಂತ ಕೂದಲು, ಜೂಜು, ಸಾಲ, ಹೆಂಗಸರ ಹಿಂದೆ ಅಲೆದಾಟ. ನಗಿಸುವ ಪಾತ್ರ ಎಂದೇ ನಾವೆಲ್ಲ ಅವನನ್ನು ಒಪ್ಪಿಕೊಂಡುಬಿಡುತ್ತೇವೆ. ಆ ಹಲುಬುವಿಕೆಯೇ ಅವನ ಒಳಗಿನ ಬೆಂಕಿ ಎಂಬುದು ಗೊತ್ತಾಗುವುದು ಮೊದಲ ಸೀಸನ್‌ನ 13ನೇ ಸಂಚಿಕೆಯಲ್ಲಿ, ಮಾರ್ಡೆನ್ ಎಂಬ ನಗುಮುಖದ ಮನುಷ್ಯ ನಿಲ್ದಾಣಕ್ಕೆ ಬಂದಾಗ.

ಮಾರ್ಡೆನ್ ರಾಯಭಾರಿಗಳ ಬಾಗಿಲು ತಟ್ಟಿ ಕೇಳುವುದು ಒಂದೇ ಪ್ರಶ್ನೆ: ನಿಮಗೆ ಏನು ಬೇಕು? ಡೆಲೆನ್ ಅವನನ್ನು ಕೋಣೆಯಿಂದಲೇ ಅಟ್ಟುತ್ತಾಳೆ. ಜಕಾರ್ ಸೆಂಟೌರಿಗಳ ಸರ್ವನಾಶ ಬೇಕು ಎನ್ನುತ್ತಾನೆ. ಆಮೇಲೆ ಏನು ಎಂದು ಕೇಳಿದರೆ ಅವನಲ್ಲಿ ಉತ್ತರವಿಲ್ಲ. ತನ್ನ ನಾಡು ಸುರಕ್ಷಿತವಾಗಿದ್ದರೆ ಸಾಕು, ಉಳಿದದ್ದು ಏನಾದರೇನು ಎಂಬ ಧಾಟಿ. ಮಾರ್ಡೆನ್ ಅಲ್ಲಿಂದ ಎದ್ದು ಹೋಗುತ್ತಾನೆ. ಲೊಂಡೊ ಮೊದಲು ರೇಗುತ್ತಾನೆ, ಆಮೇಲೆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದೆ ಎಲ್ಲವನ್ನೂ ಕಕ್ಕಿಬಿಡುತ್ತಾನೆ. ಸೆಂಟೌರಿ ಮತ್ತೆ ಕೈಚಾಚಿ ನಕ್ಷತ್ರಗಳನ್ನು ಆಳಬೇಕು, ಹಿಂದೆ ಇದ್ದುದೆಲ್ಲ ಇದ್ದ ಹಾಗೆಯೇ ಮರಳಿ ಬರಬೇಕು. ಮಾರ್ಡೆನ್‌ನ ಹಿಂದಿರುವ ಶ್ಯಾಡೋ ಎಂಬ ಪ್ರಾಚೀನ ಶಕ್ತಿಗಳು ಆರಿಸಿಕೊಳ್ಳುವುದು ಇವನನ್ನೇ. ಗಮನಿಸಿ, ಆ ಹೊತ್ತಿಗೆ ಇಬ್ಬರಲ್ಲಿ ಹೆಚ್ಚು ದ್ವೇಷವಿದ್ದದ್ದು ಜಕಾರ್‌ನಲ್ಲಿ. ಆದರೆ ಶ್ಯಾಡೋಗಳಿಗೆ ಬೇಕಾದದ್ದು ದ್ವೇಷವಲ್ಲ, ಎಂದೂ ತೀರದ ಆಸೆ. ಇಡೀ ಕಥೆಯ ಬೀಜ ಈ ಒಂದು ಪ್ರಶ್ನೆಯಲ್ಲಿದೆ. ನಿಮ್ಮ ತಮ್ಮನೊಡನೆ ಮತ್ತೆ ಕೂತು ನೋಡುವುದಾದರೆ ಈ ಸಂಚಿಕೆಯಿಂದಲೇ ಆರಂಭಿಸಿ.

ಲೊಂಡೊಗೆ ಬೇಕಾದದ್ದು ಸಿಗುತ್ತಾ ಹೋಗುತ್ತದೆ. ಮೊದಲ ಸೀಸನ್ನಿನ ಕೊನೆಯಲ್ಲಿ ಒಂದು ನಾರ್ನ್ ನೆಲೆ ಬೂದಿಯಾಗಿ ಹತ್ತು ಸಾವಿರ ಜನ ಸತ್ತಾಗ ಅವನು ಬೆಚ್ಚಿಬೀಳುತ್ತಾನೆ. ತಾನು ಕೇಳಿದ್ದು ಇದಲ್ಲ ಎಂಬ ಭಾವ ಅವನ ಮುಖದ ಮೇಲಿದೆ. ಹಾಗೆಂದು ಅವನು ಹಿಂದೆ ಸರಿಯುವುದಿಲ್ಲ. ಎರಡನೇ ಸೀಸನ್‌ನ 9ನೇ ಸಂಚಿಕೆಯಲ್ಲಿ, ಅಂದರೆ 1996ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆದ ಸಂಚಿಕೆಯಲ್ಲಿ, ಎರಡನೆಯ ದಾಳಿಗೆ ಅವನೇ ಬಾಯಿಬಿಟ್ಟು ಆಜ್ಞೆ ಕೊಡಬೇಕಾಗುತ್ತದೆ. ಅವನ ಸಹಾಯಕ ವಿರ್ ಗೋಗರೆಯುತ್ತಾನೆ. ಬೇರೆ ದಾರಿಯಿಲ್ಲ ಎನ್ನುತ್ತಾನೆ ಲೊಂಡೊ. ಇದೆ ಎನ್ನುತ್ತಾನೆ ವಿರ್. ಬೇಡ ಎಂದು ನಾನು ಹೇಳಿದ್ದೆ ಎಂಬುದನ್ನಾದರೂ ಮುಂದೊಂದು ದಿನ ನೆನಪಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತಾನೆ.

ಅದೇ ಸಂಚಿಕೆಯ ಇನ್ನೊಂದು ದೃಶ್ಯವನ್ನು ನಾನು ಚಿತ್ರಕಥೆ ಕಲಿಯಲು ಬರುವವರಿಗೆ ತಪ್ಪದೆ ತೋರಿಸುತ್ತೇನೆ. ಸೆಂಟೌರಿ ಚಕ್ರವರ್ತಿ ಟುರ್ಹಾನ್ ನಿಲ್ದಾಣಕ್ಕೆ ಬಂದಿದ್ದಾನೆ. ಅವನನ್ನು ಕೊಲ್ಲಬೇಕೆಂದು ಜಕಾರ್ ಸಜ್ಜಾಗಿದ್ದಾನೆ. ಆದರೆ ಚಕ್ರವರ್ತಿ ಬಂದಿರುವುದು ನಾರ್ನ್ ಜನರ ಕ್ಷಮೆ ಕೇಳಲು. ದಾರಿಯಲ್ಲೇ ಕುಸಿದುಬಿದ್ದ ಅವನ ಪರವಾಗಿ ವೈದ್ಯನು ಆ ಕ್ಷಮಾಪಣೆಯನ್ನು ಜಕಾರ್‌ಗೆ ಮುಟ್ಟಿಸುತ್ತಾನೆ. ಜಕಾರ್ ಆ ಕ್ಷಣದಲ್ಲಿ ಮಗುವಿನಷ್ಟು ಹಗುರಾಗುತ್ತಾನೆ. ನೆಟ್ಟಗೆ ಹೋಗಿ ಲೊಂಡೊನನ್ನು ಹುಡುಕಿ ಹಿಡಿದು, ಪಾನೀಯ ಕೊಡಿಸಿ, ನಿಮ್ಮ ಚಕ್ರವರ್ತಿಯ ಆರೋಗ್ಯಕ್ಕೆ ಎಂದು ಲೋಟ ಎತ್ತುತ್ತಾನೆ. ಅವನ ಜನರ ಮೇಲಿನ ದಾಳಿಗೆ ಲೊಂಡೊ ಆಗಲೇ ಅಪ್ಪಣೆ ಕೊಟ್ಟು ಬಂದಿದ್ದಾನೆ. ಲೊಂಡೊ ಪಾತ್ರಧಾರಿ ಪೀಟರ್ ಜುರಾಸಿಕ್ ಅಲ್ಲಿ ಹೆಚ್ಚೇನೂ ಮಾಡುವುದಿಲ್ಲ. ಲೋಟ ಎತ್ತಬೇಕು, ಕುಡಿಯಬೇಕು, ಎದುರಿನವನ ಸಂತೋಷವನ್ನು ನೋಡಬೇಕು. ಆ ಕಣ್ಣುಗಳಲ್ಲಿ ನಾಚಿಕೆ ಇದೆ, ಭಯ ಇದೆ, ಇನ್ನೇನೂ ಮಾಡಲಾಗದು ಎಂಬ ಜಡತೆ ಇದೆ. ಸಂಭಾಷಣೆ ಬರೆಯುವ ನಮ್ಮಂಥವರು ಕೈಕಟ್ಟಿ ಕೂರಬೇಕಾದ ಜಾಗ ಅದು.

ಸಾಯುವ ಮುನ್ನ ಚಕ್ರವರ್ತಿ ಲೊಂಡೊನ ಕಿವಿಯಲ್ಲಿ ಏನೋ ಪಿಸುಗುಡುತ್ತಾನೆ. ನಮ್ಮ ಜನರನ್ನು ಮತ್ತೆ ನಕ್ಷತ್ರಗಳಿಗೆ ಕರೆದೊಯ್ಯಿರಿ ಎಂದು ಹರಸಿದರೆಂದು ಲೊಂಡೊ ಸುತ್ತಲಿದ್ದವರಿಗೆ ಹೇಳುತ್ತಾನೆ. ನಿಜವಾಗಿ ಹೇಳಿದ್ದು, ನೀನು ಮತ್ತು ನಿನ್ನ ಸಂಚಿನ ಜೊತೆಗಾರ ರೆಫಾ ಇಬ್ಬರೂ ನರಕಕ್ಕೆ ಬಿದ್ದಿರಿ ಎಂದು. ಅಂದರೆ ಲೊಂಡೊಗೆ ಗೊತ್ತಾಗಿದೆ. ಇಲ್ಲಿಂದ ಮುಂದೆ ಅವನು ಅರಿಯದೆ ತಪ್ಪು ಮಾಡುವವನಲ್ಲ, ಅರಿತೂ ನಿಲ್ಲಿಸಲಾಗದವನು. ನಾರ್ನ್ ತಾಯ್ನೆಲದ ಮೇಲೆ ಸೆಂಟೌರಿ ನೌಕೆಗಳು ಬಂಡೆಗಳ ಮಳೆ ಸುರಿಸುವಾಗ ಅವನು ಗಾಜಿನ ಕಿಟಕಿಯ ಹಿಂದೆ ನಿಂತು ನೋಡುವ ಆ ದೀರ್ಘ ಮೌನವನ್ನು ನೆನೆದುಕೊಳ್ಳಿ. ಮೊದಲ ಸೀಸನ್ನಿನ ಲೊಂಡೊ ಅಲ್ಲಿದ್ದಿದ್ದರೆ ಕುಣಿದಾಡುತ್ತಿದ್ದ. ಆಸೆ ಅದೇ, ದೇಶಪ್ರೇಮ ಅದೇ, ಆದರೆ ಆಸೆ ಕೈಗೂಡುವುದನ್ನು ನೋಡುವ ಕಣ್ಣು ಬೇರೆ. ಏನೂ ಬದಲಾಗಿಲ್ಲ ಎನ್ನುವ ತಮ್ಮನಿಗೆ ಈ ಎರಡು ಮುಖಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸಿ.

ಲೊಂಡೊನನ್ನು ನೋಡುವ ಕನ್ನಡದ ಮನಸ್ಸಿಗೆ ನಮ್ಮ ದುರ್ಯೋಧನ ನೆನಪಾಗುವುದು ಸಹಜ. ಛಲ ಬಿಡದವನನ್ನು ಕೇವಲ ಖಳನೆಂದು ತಳ್ಳಿಹಾಕದ ಪರಂಪರೆ ನಮ್ಮದು. ಆದರೆ ಲೊಂಡೊ ದುರ್ಯೋಧನನಲ್ಲ. ಅವನಿಗೆ ಕೊನೆಯಲ್ಲಿ ಛಲವೂ ಉಳಿಯುವುದಿಲ್ಲ. ಗೆದ್ದಮೇಲೆ ಗೆದ್ದದ್ದೇ ಬೇಡವಾಗುವ ಸಂಕಟ ಅವನದು.

ಜಕಾರ್ ಕಡೆಗೆ ಬರೋಣ. ಕೋಶ್ ಬಂದು ತಲೆ ತೊಳೆದ ಎಂಬ ಆಕ್ಷೇಪ ಹೊಸದೇನಲ್ಲ, ಈ ಧಾರಾವಾಹಿಯ ಅಭಿಮಾನಿಗಳಲ್ಲಿ ಅದು ಮತ್ತೆ ಮತ್ತೆ ಏಳುತ್ತದೆ. ಮೂರನೇ ಸೀಸನ್‌ನ 6ನೇ ಸಂಚಿಕೆಯಲ್ಲಿ ಜಕಾರ್ ಮಾದಕ ಪುಡಿಯೊಂದನ್ನು ಸೇವಿಸುತ್ತಾನೆ. ಸ್ವಲ್ಪ ಹೊತ್ತು ಪರರ ಮನಸ್ಸನ್ನು ಹೊಕ್ಕುನೋಡುವ ಶಕ್ತಿಯನ್ನು ಅದು ಕೊಡುತ್ತದೆ. ಲೊಂಡೊನನ್ನು ಬಡಿದು ಕೆಡವಿ, ಅವನ ಮನಸ್ಸನ್ನು ಬಗೆದು, ತನ್ನ ನಾಡಿನ ನಾಶದ ಮೂಲ ಇವನೇ ಎಂದು ತಿಳಿದುಕೊಳ್ಳುತ್ತಾನೆ. ಆ ಉನ್ಮಾದದ ನಡುವೆ ಕೋಶ್ ಅವನಿಗೆ ದರ್ಶನವೊಂದನ್ನು ಕಾಣಿಸುತ್ತಾನೆ. ಸತ್ತ ತಂದೆಯ ರೂಪದಲ್ಲಿ, ದೇವತೆಯ ರೂಪದಲ್ಲಿ ಬಂದು, ದ್ವೇಷದ ಈ ಚಕ್ರದಿಂದ ಹೊರಗೆ ಬಾ ಎಂದು ಹೇಳುತ್ತಾನೆ. ತಮ್ಮ ಹೇಳುವುದು ಈ ದೃಶ್ಯದ ಬಗ್ಗೆ.

ಮೂರು ವಿಷಯಗಳನ್ನು ಅವನು ಮರೆತಿದ್ದಾನೆ. ಒಂದು, ಜಕಾರ್‌ನೊಳಗೆ ಸಾಧಕನೊಬ್ಬ ಮೊದಲಿನಿಂದಲೂ ಇದ್ದ. ಪರಿಚಯದ ಚಿತ್ರದ ಜಕಾರ್ ಒಳಸಂಚಿನ ಮನುಷ್ಯ ನಿಜ. ಆದರೆ ಮೊದಲ ಸೀಸನ್ನಿನಲ್ಲೇ ಕ್ಯಾಥರೀನ್ ಸಕಾಯ್ ಎಂಬ ಗ್ರಹ ಸರ್ವೇಕ್ಷಕಿಯ ಪ್ರಾಣ ಉಳಿಸಿದ ಅವನು, ಅವಳು ಕಂಡ ವಿಚಿತ್ರ ವಸ್ತು ಏನೆಂದು ಕೇಳಿದಾಗ, ಹೂವಿನ ಮೇಲಿದ್ದ ಇರುವೆಯನ್ನು ಬೆರಳ ತುದಿಗೆ ಹತ್ತಿಸಿಕೊಂಡು ಮತ್ತೆ ಕೆಳಗಿಡುತ್ತಾನೆ. ನನ್ನನ್ನು ಎತ್ತಿದ್ದು ಏನು ಎಂದು ಇನ್ನೊಂದು ಇರುವೆ ಕೇಳಿದರೆ ಇದು ಹೇಗೆ ವಿವರಿಸೀತು ಎನ್ನುತ್ತಾನೆ. ಇದು ಸೇಡಿನ ಮನುಷ್ಯನ ಮಾತಲ್ಲ, ಬೆರಗಿನ ಮನುಷ್ಯನದು. ಅದೇ ಸೀಸನ್ನಿನ 12ನೇ ಸಂಚಿಕೆಯಲ್ಲಿ ಒಂದು ಧಾರ್ಮಿಕ ವಿಧಿಗೆ ಬೇಕಾದ ಗಿಡಕ್ಕಾಗಿ ಅವನು ನಿಲ್ದಾಣವೆಲ್ಲ ಅಲೆಯುತ್ತಾನೆ. ಆ ಗಿಡ ಲೊಂಡೊನ ಕೈಯಲ್ಲಿರುತ್ತದೆ, ಲೊಂಡೊ ಹಟಕ್ಕೆ ಬಿದ್ದು ಕಾಡಿಸುತ್ತಾನೆ. ವಿಧಿಯ ಮುಹೂರ್ತ ಮೀರಿಹೋಗುತ್ತದೆ. ಪವಿತ್ರ ಬೆಟ್ಟವನ್ನು ವರ್ಷಗಳ ಹಿಂದೆ ತಾಗಿದ ಸೂರ್ಯನ ಬೆಳಕು ಈ ಹೊತ್ತು ನಿಲ್ದಾಣವನ್ನು ತಲುಪುತ್ತಿದೆ ಎಂದು ಕಮಾಂಡರ್ ಸಿಂಕ್ಲೇರ್ ಲೆಕ್ಕ ಹಾಕಿ ತೋರಿಸಿದ ಮೇಲೆ ಆ ಬೆಳಕಿನಲ್ಲೇ ವಿಧಿ ನಡೆಯುತ್ತದೆ. ಪವಿತ್ರ ಗ್ರಂಥ, ಪ್ರಾರ್ಥನೆ, ಶ್ರದ್ಧೆ ಎಲ್ಲವೂ ಆಗಲೇ ಇದ್ದವು. ಕೋಶ್ ಹೊಸದನ್ನೇನೂ ನೆಡಲಿಲ್ಲ.

ಎರಡು, ದ್ವೇಷ ತನ್ನನ್ನು ಎಲ್ಲಿಗೆ ತಂದಿದೆ ಎಂಬುದು ದರ್ಶನಕ್ಕೆ ಮೊದಲೇ ಅವನಿಗೆ ಮುಟ್ಟಿತ್ತು. ಎರಡನೇ ಸೀಸನ್‌ನ 21ನೇ ಸಂಚಿಕೆಯ ಲಿಫ್ಟಿನ ದೃಶ್ಯವನ್ನು ಮತ್ತೆ ನೋಡಿ. ನಾರ್ನ್ ತಾಯ್ನೆಲ ಆಗಷ್ಟೇ ಬಿದ್ದಿದೆ. ಲಿಫ್ಟಿನಲ್ಲಿ ಜಕಾರ್ ಮತ್ತು ವಿರ್ ಇಬ್ಬರೇ. ವಿರ್ ತಡವರಿಸುತ್ತಾ ತನಗಾದ ದುಃಖವನ್ನು ಹೇಳಿ ಕ್ಷಮೆ ಕೇಳುತ್ತಾನೆ. ಜಕಾರ್ ತನ್ನ ಅಂಗೈಯನ್ನು ಕತ್ತಿಯಿಂದ ಗೀರಿಕೊಳ್ಳುತ್ತಾನೆ. ರಕ್ತ ತೊಟ್ಟಿಕ್ಕುತ್ತದೆ. ಒಂದೊಂದು ಹನಿಗೂ ಸತ್ತರು, ಸತ್ತರು, ಸತ್ತರು ಎಂದು ಎಣಿಸುತ್ತಾ, ಇವರ ಕ್ಷಮೆ ಹೇಗೆ ಕೇಳುತ್ತೀಯೆ ಎನ್ನುತ್ತಾನೆ. ನನ್ನಿಂದಾಗದು ಎನ್ನುತ್ತಾನೆ ವಿರ್. ಹಾಗಿದ್ದರೆ ಕ್ಷಮಿಸುವುದು ನನ್ನಿಂದಲೂ ಆಗದು ಎಂದು ಹೇಳಿ ಜಕಾರ್ ಹೊರಟುಹೋಗುತ್ತಾನೆ. ಇಲ್ಲಿ ಅವನು ಕೂಗಾಡುವುದಿಲ್ಲ, ವಿರ್ ಮೇಲೆ ಕೈ ಎತ್ತುವುದಿಲ್ಲ. ಹಳೆಯ ಜಕಾರ್ ಆಗಿದ್ದರೆ ಆ ಲಿಫ್ಟಿನಿಂದ ವಿರ್ ಜೀವಂತ ಹೊರಬರುತ್ತಿರಲಿಲ್ಲ. ಕ್ಷಮೆ ಎಂಬುದರ ತೂಕ ಎಷ್ಟು ಎಂದು ಮೊದಲ ಬಾರಿ ಕೇಳಿಕೊಂಡವನು ಅವನೇ. ಐದನೇ ಸೀಸನ್ನಿನಲ್ಲಿ ಅವನು ಕೊಡುವ ಉತ್ತರ ಈ ಪ್ರಶ್ನೆಗೆ.

ಮೂರನೆಯದೇ ಮುಖ್ಯ. ದರ್ಶನ ಯಾರಿಗಾದರೂ ಆಗಬಹುದು, ಆಮೇಲೆ ಆ ಮನುಷ್ಯ ಏನು ಮಾಡಿದ ಎಂಬುದರಲ್ಲಿ ಬೆಳವಣಿಗೆ ಇದೆ. ಲೊಂಡೊನ ಮೇಲೆ ಕೈಮಾಡಿದ್ದಕ್ಕೆ ವಿಧಿಸಿದ 60 ದಿನಗಳ ಸೆರೆವಾಸವನ್ನು ಅವನು ತುಟಿಪಿಟಕ್ಕೆನ್ನದೆ ಒಪ್ಪಿಕೊಂಡು, ಒಳಗೆ ಕುಳಿತು ಬರೆಯಲು ತೊಡಗುತ್ತಾನೆ. ನಾರ್ನ್‌ಗಳ ಅವನತಿ ಮೊದಲೇ ಗೊತ್ತಿದ್ದೂ ಸುಮ್ಮನಿದ್ದೆವು ಎಂದು ಡೆಲೆನ್ ಒಪ್ಪಿಕೊಂಡಾಗ ನೋವಿನಿಂದ ನಡುಗುತ್ತಾನೆ, ಆದರೂ ಶ್ಯಾಡೋಗಳ ವಿರುದ್ಧದ ಮೈತ್ರಿಯನ್ನು ಮುರಿಯುವುದಿಲ್ಲ. ಕ್ಷಮಿಸಿಯೂ ಇಲ್ಲ ಎಂಬುದನ್ನು ಗಮನಿಸಿ. ನಾಲ್ಕನೇ ಸೀಸನ್ನಿನಲ್ಲಿ ಹುಚ್ಚು ಚಕ್ರವರ್ತಿ ಕಾರ್ಟೇಜಿಯಾ ಅವನನ್ನು ಸರಪಳಿಯಲ್ಲಿ ಬಿಗಿದು ಚಾಟಿಯಿಂದ ಹೊಡೆಸುತ್ತಾನೆ. ಜಕಾರ್ ಕಿರುಚಬೇಕು, ಅದು ಚಕ್ರವರ್ತಿಯ ಹಟ. 40ನೇ ಏಟಿಗೆ ಪ್ರಾಣ ಹೋಗುವುದು ಖಚಿತ. ಎದುರಿಗೆ ನಿಂತ ಲೊಂಡೊ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದಾನೆ. ಇಡೀ ಜೀವನ ಸೆಂಟೌರಿಗಳ ಮುಂದೆ ತಲೆ ಬಾಗದವನು 39ನೇ ಏಟಿಗೆ ಕಿರುಚುತ್ತಾನೆ. ತನ್ನ ಜನರ ಬಿಡುಗಡೆಗಾಗಿ ಅವನು ಬದುಕಿರಬೇಕಿತ್ತು. ಅಭಿಮಾನಕ್ಕಾಗಿ ಸಾಯುವುದು ಅವನಿಗೆ ಸುಲಭವಿತ್ತು, ಅಭಿಮಾನವನ್ನೇ ಬಿಟ್ಟುಕೊಡುವುದು ಕಷ್ಟವಿತ್ತು. ಆ ಕಿರುಚಾಟವನ್ನು ಸೋಲೆಂದು ಓದುವವರಿದ್ದಾರೆ. ನನ್ನ ಪ್ರಕಾರ ಇಡೀ ಧಾರಾವಾಹಿಯಲ್ಲಿ ಅವನು ಗೆದ್ದ ಅತಿ ದೊಡ್ಡ ಯುದ್ಧ ಅದು. ಬಿಡುಗಡೆಯಾದ ನಾಡಿನಲ್ಲಿ ಅವನ ಜನರೇ ಅವನನ್ನು ನಾಯಕನ ಪೀಠಕ್ಕೆ ಕರೆದಾಗ, ಒಬ್ಬ ಸರ್ವಾಧಿಕಾರಿಯನ್ನು ಕೆಳಗಿಳಿಸಿದ್ದು ನಾನೇ ಇನ್ನೊಬ್ಬನಾಗಲಿಕ್ಕಲ್ಲ ಎಂದು ದೂರ ಸರಿಯುತ್ತಾನೆ. ಸೆಂಟೌರಿಗಳ ನಾಶದ ಆಚೆ ಏನು ಬೇಕೆಂದು ಹೇಳಲಾರದೆ ಹೋದ ಮನುಷ್ಯ ಇವನೇ.

ನಡುವೆ ಅವನು ಎಡವುತ್ತಾನೆ ಎಂಬುದೂ ನನಗೆ ಬಹಳ ಪ್ರಿಯವಾದ ಸಂಗತಿ. ಮೂರನೇ ಸೀಸನ್ನಿನ ಆರಂಭದಲ್ಲಿ ಬಾಂಬ್ ಸ್ಫೋಟದಿಂದ ಲೊಂಡೊ, ಜಕಾರ್ ಇಬ್ಬರೂ ಲಿಫ್ಟಿನಲ್ಲಿ ಸಿಕ್ಕಿಬೀಳುತ್ತಾರೆ, ಹೊರಗೆ ಬೆಂಕಿ. ಒಬ್ಬ ಸೆಂಟೌರಿಯನ್ನು ಕೊಂದರೆ 500 ನಾರ್ನ್‌ಗಳ ತಲೆ ಹೋಗುತ್ತದೆ ಎಂಬ ಕಾನೂನಿದೆ, ಹಾಗಾಗಿ ನಾನು ನಿನ್ನನ್ನು ಕೊಲ್ಲುವುದಿಲ್ಲ, ನೀನು ಸಾಯುವುದನ್ನು ನೋಡುತ್ತಾ ಕೂರುತ್ತೇನೆ ಎಂದು ಜಕಾರ್ ಗಹಗಹಿಸಿ ನಗುತ್ತಾನೆ. ನಾಲ್ಕನೇ ಸೀಸನ್ನಿನಲ್ಲಿ ಭೂಮಿಯ ಸರ್ವಾಧಿಕಾರದ ವಿರುದ್ಧ ಜಂಟಿ ಹೇಳಿಕೆಗೆ ಸಹಿ ಬೇಕೆಂದು ಲೊಂಡೊ ಅವನ ಕೋಣೆಗೆ ಬಂದು, ಪಾನೀಯ ಬಗ್ಗಿಸಿ, ಮನಬಿಚ್ಚಿ ಮಾತಾಡುತ್ತಾನೆ. ಜಕಾರ್ ಒಂದು ಹನಿಯನ್ನೂ ಮುಟ್ಟುವುದಿಲ್ಲ. ಆಮೇಲೆ ಬಂದು ಸಹಿ ಹಾಕುತ್ತೇನೆ ಎನ್ನುತ್ತಾನೆ, ಆದರೆ ನೀನು ಸಹಿ ಹಾಕಿದ ಪುಟದಲ್ಲಲ್ಲ. ನಮ್ಮ ದಿನನಿತ್ಯದ ಧಾರಾವಾಹಿಗಳಲ್ಲಿ ನಾದಿನಿಯ ಮನಃಪರಿವರ್ತನೆ ಒಂದು ಆಸ್ಪತ್ರೆಯ ದೃಶ್ಯದಲ್ಲಿ ಮುಗಿದುಹೋಗುತ್ತದೆ, ಆಮೇಲೆ ಅವಳು ಒಳ್ಳೆಯವಳು. ಆ ಒತ್ತಡ ಎಲ್ಲಿಂದ ಬರುತ್ತದೆ ಎಂಬುದು ಈ ವೃತ್ತಿಯಲ್ಲಿರುವ ನನಗೆ ಚೆನ್ನಾಗಿ ಗೊತ್ತು. ಹಾಗಾಗಿಯೇ ಬೇರೆ ಪುಟದಲ್ಲಿ ಹಾಕಿದ ಆ ಸಹಿಯನ್ನು ಕಂಡರೆ ನನಗೆ ಅಷ್ಟು ಗೌರವ.

ಹೊರಗಿನವರು ತಲೆಗೆ ಕೈಹಾಕಿದರೆ ಅದು ಬೆಳವಣಿಗೆಯೇ ಎಂಬ ತಮ್ಮನ ಪ್ರಶ್ನೆಯನ್ನು ಧಾರಾವಾಹಿಯೇ ಬೇರೊಂದು ಕಡೆ ಎತ್ತಿಕೊಂಡಿದೆ. ಮೂರನೇ ಸೀಸನ್‌ನ 4ನೇ ಸಂಚಿಕೆಯ ಬ್ರದರ್ ಎಡ್ವರ್ಡ್ ಸೌಮ್ಯ ಸ್ವಭಾವದ ಸನ್ಯಾಸಿ. ತಾನು ಹಿಂದೆ ಸರಣಿ ಕೊಲೆಗಾರನಾಗಿದ್ದೆ, ನ್ಯಾಯಾಲಯ ಮರಣದಂಡನೆಯ ಬದಲಿಗೆ ತನ್ನ ನೆನಪನ್ನು ಅಳಿಸಿಹಾಕಿದೆ ಎಂದು ಅವನಿಗೆ ತಿಳಿಯುತ್ತದೆ. ಮಾಡಿದ್ದೇ ನೆನಪಿಲ್ಲದ ಪಾಪಕ್ಕೆ ಪಶ್ಚಾತ್ತಾಪ ಪಡುವುದು ಹೇಗೆ ಎಂಬುದು ಅವನ ಒದ್ದಾಟ. ಅವನ ಒಳ್ಳೆಯತನ ಸರ್ಕಾರ ತುಂಬಿದ್ದು. ಆದರೆ ಕೊಲ್ಲಲು ಬಂದವರಿಂದ ಓಡಿಹೋಗದೆ ನಿಂತದ್ದು ಅವನದೇ ಆಯ್ಕೆ. ನನ್ನ ಮಟ್ಟಿಗೆ ಆ ಸನ್ಯಾಸಿ ಬೆಳೆದದ್ದು ನೆನಪು ಅಳಿದ ದಿನವಲ್ಲ, ಓಡದೆ ನಿಂತ ಆ ರಾತ್ರಿ. ಕೋಶ್‌ನ ದರ್ಶನಕ್ಕೂ ಇದೇ ಲೆಕ್ಕ.

ಈ ಸಂಚಿಕೆಯ ಹಿಂದೆ ಅಭಿಮಾನಿಗಳದ್ದೂ ಒಂದು ಕಥೆಯಿದೆ. 90ರ ದಶಕದಲ್ಲೇ ಸ್ಟ್ರಜಿನ್‌ಸ್ಕಿ ಇಂಟರ್‌ನೆಟ್‌ನಲ್ಲಿ ಪ್ರೇಕ್ಷಕರೊಡನೆ ನೇರವಾಗಿ ಮಾತಾಡುತ್ತಿದ್ದರು. ಪಾತ್ರಗಳ ಬಗ್ಗೆ ಎಷ್ಟು ಬೇಕಾದರೂ ವಾದಿಸಿ, ಕಥೆಯ ಎಳೆಗಳನ್ನು ಮಾತ್ರ ಸೂಚಿಸಬೇಡಿ, ಮುಂದೆ ಹಕ್ಕಿನ ತಕರಾರು ಬಂದೀತು ಎಂದು ಬೇಡಿಕೊಂಡಿದ್ದರು. ಆದರೂ ಒಬ್ಬರು ಇಂಥದ್ದೇ ಎಳೆಯೊಂದನ್ನು ಬರೆದುಬಿಟ್ಟರು. ಸ್ಟ್ರಜಿನ್‌ಸ್ಕಿ ಆಗಲೇ ಯೋಚಿಸಿಟ್ಟಿದ್ದ ಕಥೆಯನ್ನು ಪಕ್ಕಕ್ಕಿಡಬೇಕಾಯಿತು. ಆ ಅಭಿಮಾನಿ ತನ್ನ ಹಕ್ಕೇನಿಲ್ಲ ಎಂದು ಲಿಖಿತವಾಗಿ ಸಹಿ ಹಾಕಿಕೊಟ್ಟ ಮೇಲೆಯೇ ಅದು ಚಿತ್ರೀಕರಣಗೊಂಡಿತು. ಬೆಳವಣಿಗೆಯ ಬಗ್ಗೆ ನೀವಿಬ್ಬರೂ ಮಾಡುತ್ತಿರುವ ವಾದ ಈ ಧಾರಾವಾಹಿಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು.

ಎಲ್ಲ ಪಾತ್ರಗಳಿಗೂ ಇದೇ ನ್ಯಾಯ ಸಿಕ್ಕಿದೆ ಎಂದು ನಾನು ಹೇಳಲಾರೆ. ಡೆಲೆನ್‌ಳ ಸಹಾಯಕ ಲೆನಿಯರ್ ಕೊನೆಯಲ್ಲಿ, ವಿಷಾನಿಲ ತುಂಬುತ್ತಿರುವ ಕೋಣೆಯಲ್ಲಿ ಡೆಲೆನ್‌ಳ ಪತಿ ಶೆರಿಡನ್‌ನನ್ನು ಸಾಯಲು ಬಿಟ್ಟು ಓಡುವುದು ನನಗೆ ಅರಗುವುದಿಲ್ಲ. ಅವನ ಮೂಕ ಪ್ರೇಮದ ಸುಳಿವುಗಳು ಮೊದಲೇ ಇದ್ದವು, ದ್ರೋಹ ಬಗೆಯುವೆ ಎಂಬ ಭವಿಷ್ಯವಾಣಿಯೂ ಇತ್ತು. ಆದರೆ ಸುಳಿವಿಗೂ ಕೃತ್ಯಕ್ಕೂ ನಡುವೆ ಇರಬೇಕಾದ ಮೆಟ್ಟಿಲುಗಳು ಕಾಣೆಯಾಗಿವೆ. ಐದನೇ ಸೀಸನ್ ಬರುವುದೇ ಅನುಮಾನ ಎಂದು ನಾಲ್ಕನೆಯದರಲ್ಲಿ ಕಥೆಯನ್ನು ಒತ್ತಿ ತುಂಬಬೇಕಾಗಿ ಬಂದದ್ದು ಇದಕ್ಕೆ ಒಂದು ಕಾರಣ ಎಂದು ನನ್ನ ಊಹೆ.

ವಿರ್‌ನನ್ನು ಮಾತ್ರ ಬಿಡುವ ಹಾಗಿಲ್ಲ. ದಿವಂಗತ ಸ್ಟೀಫನ್ ಫರ್ಸ್ಟ್ ಆಡಿದ ಆ ಗುಂಡನೆಯ, ಪುಕ್ಕಲು ಸಹಾಯಕ ಸುಳ್ಳು ದಾಖಲೆಗಳನ್ನು ಸೃಷ್ಟಿಸಿ ಎರಡು ಸಾವಿರ ನಾರ್ನ್‌ಗಳನ್ನು ಸಾವಿನಿಂದ ಪಾರುಮಾಡುತ್ತಾನೆ. ಕಾರ್ಟೇಜಿಯಾನನ್ನು ಕೊಲ್ಲುವುದೂ ಕೊನೆಗೆ ಅವನ ಕೈಯಿಂದಲೇ ಆಗುತ್ತದೆ, ಆಮೇಲೆ ಕುಡಿದು ಬಿಕ್ಕಿ ಬಿಕ್ಕಿ ಅಳುತ್ತಾನೆ. ರಾಕ್ಷಸನನ್ನು ಕೊಂದೂ ಅಳಬಲ್ಲವನು ಆ ಆಸ್ಥಾನದಲ್ಲಿ ಅವನೊಬ್ಬನೇ. ಲೊಂಡೊ ಅವನನ್ನು ಸಮಾಧಾನ ಮಾಡುವಾಗ, ತಾನು ಆಗಬಹುದಾಗಿದ್ದ ಮನುಷ್ಯನನ್ನು ನೋಡುತ್ತಿರುವಂತಿದೆ.

ಇನ್ನು ನಾನು ಏನನ್ನು ನೋಡುತ್ತೇನೆ ಎಂಬ ನಿಮ್ಮ ಪ್ರಶ್ನೆ. ಮೊದಲ ಸೀಸನ್ನಿನಲ್ಲಿ ಸಲೀಸಾಗಿ ಮಾಡುತ್ತಿದ್ದ ಯಾವ ಕೆಲಸವನ್ನು ಈ ಪಾತ್ರ ಈಗ ಮಾಡಲಾರದು? ಆಗ ಸಾಧ್ಯವೇ ಇಲ್ಲದ ಯಾವ ಕೆಲಸ ಈಗ ಸಾಧ್ಯ? ಅದಕ್ಕಾಗಿ ತೆತ್ತ ಬೆಲೆ ತೆರೆಯ ಮೇಲೆ ನಮಗೆ ಕಂಡಿದೆಯೇ, ಇಲ್ಲವೇ ಬರೀ ಮಾತಿನಲ್ಲಿ ಕೇಳಿದ್ದೇವೆಯೇ? ಸ್ವಭಾವ ಮೇಲುನೋಟಕ್ಕೆ ಬದಲಾಯಿತೇ ಎಂಬುದು ನನಗೆ ಅಷ್ಟು ಮುಖ್ಯವಲ್ಲ. ಲೊಂಡೊ ಕೊನೆಯವರೆಗೂ ಬಡಾಯಿಗಾರನೇ, ಜಕಾರ್ ಕೊನೆಯವರೆಗೂ ಮುಂಗೋಪಿಯೇ.

ಲೊಂಡೊಗೆ ಈ ಅಳತೆಯನ್ನು ಹಿಡಿದು ನೋಡಿ. ಮೊದಲ ಸಂಚಿಕೆಯಲ್ಲೇ ಅವನು ಸಿಂಕ್ಲೇರ್‌ಗೆ ತನ್ನ ಸಾವಿನ ಕನಸನ್ನು ಹೇಳಿದ್ದ: ಇಪ್ಪತ್ತು ವರ್ಷಗಳ ಬಳಿಕ, ಮುದುಕನಾದ ತಾನು ಮತ್ತು ಜಕಾರ್ ಒಬ್ಬರ ಕತ್ತನ್ನು ಒಬ್ಬರು ಹಿಸುಕುತ್ತಾ ಸಾಯುತ್ತೇವೆ ಎಂದು. ಅದು ಶತ್ರುತ್ವದ ಕೊನೆ ಎಂದೇ ಎಲ್ಲರೂ ತಿಳಿದೆವು. 1996ರಲ್ಲಿ ಬಂದ ಮೂರನೇ ಸೀಸನ್‌ನ 17ನೇ ಸಂಚಿಕೆಯಲ್ಲಿ ಆ ಕ್ಷಣವನ್ನು ನೋಡುತ್ತೇವೆ. ಚಕ್ರವರ್ತಿ ಲೊಂಡೊನ ಹೆಗಲ ಮೇಲೆ ಅವನನ್ನು ಆಡಿಸುವ ಪರಕೀಯ ಜೀವಿ ಅಂಟಿಕೊಂಡಿದೆ. ಕುಡಿದು ಅದನ್ನು ಮಲಗಿಸಿ, ಎಚ್ಚರವಾಗುವ ಮೊದಲು ನನ್ನನ್ನು ಕೊಂದುಬಿಡು ಎಂದು ಹಳೆಯ ಗೆಳೆಯನಾದ ಜಕಾರ್‌ನನ್ನು ಬೇಡುತ್ತಾನೆ. ಅದು ಎಚ್ಚರಗೊಂಡು ಲೊಂಡೊನ ಕೈಗಳಿಂದಲೇ ಜಕಾರ್‌ನನ್ನು ಹಿಸುಕುತ್ತದೆ. ಕನಸಿನ ದೃಶ್ಯ ಒಂದು ಗೆರೆಯೂ ಬದಲಾಗಿಲ್ಲ. ಆ ಎರಡು ಜೋಡಿ ಕೈಗಳ ಹಿಂದಿನ ಮನುಷ್ಯರು ಬದಲಾಗಿದ್ದಾರೆ.

ಐದನೇ ಸೀಸನ್ನಿನ ಮೊದಲರ್ಧ ಸಪ್ಪೆ ಎಂದು ತಮ್ಮ ಓಡಿಸಿಕೊಂಡು ನೋಡಿರಬಹುದು, ಬಹಳ ಜನ ಹಾಗೆ ಮಾಡುತ್ತಾರೆ. ಅದರ 2ನೇ ಸಂಚಿಕೆಯನ್ನು ಮಾತ್ರ ಅವನ ಜೊತೆ ಕೂತು ಪೂರ್ತಿ ನೋಡಿ. ಲೊಂಡೊಗೆ ಹೃದಯಾಘಾತವಾಗಿದೆ. ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಅವನನ್ನು ಕಾಡುವುದು ತಾನು ಮಾಡಿದ ಯುದ್ಧವಲ್ಲ, ಚಾಟಿ ಏಟು ಬೀಳುವಾಗ ಬಾಯಿಮುಚ್ಚಿ ನಿಂತದ್ದು. ಕಣ್ಣು ಬಿಟ್ಟವನು ಜಕಾರ್‌ಗೆ ಕ್ಷಮಿಸು ಎನ್ನುತ್ತಾನೆ. ಅಷ್ಟು ಮಾತನ್ನು ಆಡಲು ಅವನಿಗೆ ನಾಲ್ಕು ಸೀಸನ್‌ಗಳು ಬೇಕಾದವು. ಆ ಬಳಿಕ 18ನೇ ಸಂಚಿಕೆಗೆ ಹೋಗಿ. ಸೆಂಟೌರಿ ರಾಜಧಾನಿ ಹೊತ್ತಿ ಉರಿಯುತ್ತಿದೆ, ಪಟ್ಟಾಭಿಷೇಕಕ್ಕೆ ಹೊರಟ ಲೊಂಡೊನ ಎದುರು ಜಕಾರ್ ನಿಂತಿದ್ದಾನೆ. ನನ್ನ ಜನ ನಿನ್ನ ಜನರನ್ನು ಎಂದಿಗೂ ಕ್ಷಮಿಸಲಾರರು, ಆದರೆ ನಾನು ನಿನ್ನನ್ನು ಕ್ಷಮಿಸಬಲ್ಲೆ ಎನ್ನುತ್ತಾನೆ. ಇಷ್ಟನ್ನೂ ನೋಡಿದ ಮೇಲೂ ಇದು ಕೋಶ್‌ನ ಕೆಲಸ ಎಂದು ತಮ್ಮ ಹೇಳಿದರೆ, ಆ ಹೊತ್ತಿಗೆ ಕೋಶ್ ಸತ್ತು ಎರಡು ಸೀಸನ್‌ಗಳಾಗಿದ್ದವು ಎಂಬುದನ್ನು ಅವನಿಗೆ ನೆನಪಿಸಿ.